ಸಂಗಿ ಕೇಳಿದ ಕೊನೆಯ ಪುಟ

ಉಚ್ಚಂಗಮ್ಮ ಓದಲು ಕಲಿತದ್ದು ಮೂವತ್ತು ದಾಟಿದ ಮೇಲೆ, ಅದೂ ಮಗಳ ಕೈಯಲ್ಲಿ ಬೈಸಿಕೊಂಡು.

ಊರೂರಿಗೆ ಸಾಕ್ಷರತೆಯ ಗಾಳಿ ಬೀಸಿದ್ದ ಕಾಲ ಅದು. ಭದ್ರಾವತಿಯ ಜನ್ನಾಪುರದ ಅಂಗನವಾಡಿಯಲ್ಲಿ ಅವಳು ಮಕ್ಕಳಿಗೆ ಉಪ್ಪಿಟ್ಟು ಬೇಯಿಸುವ ಆಯಾ. ಮಧ್ಯಾಹ್ನ ಮಕ್ಕಳೆಲ್ಲ ಮನೆಗೆ ಹೋದ ಮೇಲೆ ಅದೇ ಚಾಪೆಯ ಮೇಲೆ ಕೇರಿಯ ಹೆಂಗಸರನ್ನು ಕೂರಿಸಿ ಅಕ್ಷರ ತಿದ್ದಿಸುತ್ತಿದ್ದರು. ಮೂರು ತಿಂಗಳಿಗೆ ಉಚ್ಚಂಗಮ್ಮ ತನ್ನ ಹೆಸರು ಬರೆದಳು, ಬಸ್ಸಿನ ಬೋರ್ಡು ಓದಿದಳು. ಅಷ್ಟರಲ್ಲಿ ಕಲಿಸುತ್ತಿದ್ದ ಹುಡುಗಿಗೆ ಮದುವೆಯಾಯಿತು, ಕ್ಲಾಸು ನಿಂತಿತು. ಜೊತೆಯ ಹೆಂಗಸರು ಕಲಿತದ್ದನ್ನೆಲ್ಲ ಅಲ್ಲೇ ಬಿಟ್ಟು ಎದ್ದರು. ಉಚ್ಚಂಗಮ್ಮನದು ಮಾತ್ರ ಉಳಿಯಿತು. ಉಳಿಸಿದವಳು ಸಂಗಿ.

ಸಂಗಿ ಎಂದರೆ ಸಂಘಮಿತ್ರಾ, ಅವಳ ಒಬ್ಬಳೇ ಮಗಳು. ಗಂಡ ಭೂತಪ್ಪ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಅಲ್ಲಿನ ಯೂನಿಯನ್ನಿನ ಓದಿಕೊಂಡ ಹಿರಿಯರೊಬ್ಬರು ಹುಡುಕಿಕೊಟ್ಟ ಹೆಸರು ಅದು. ಒಂಬತ್ತನೇ ವಯಸ್ಸಿನಲ್ಲಿ ಮಗುವಿಗೆ ಗಂಟಲು ನೋವು ಬಂತು, ಜ್ವರ ಬಂತು, ಮಂಡಿ ಊದಿತು. ಎಲ್ಲ ಮಕ್ಕಳಿಗೂ ಬರುವಂಥದ್ದೇ ಎಂದುಕೊಂಡರು. ಬಂದದ್ದು ಹೋಗುವಾಗ ಹೃದಯದ ಕವಾಟವೊಂದನ್ನು ಕೆಡಿಸಿಟ್ಟು ಹೋಗಿತ್ತು. ಅಲ್ಲಿಂದ ತಿಂಗಳಿಗೊಮ್ಮೆ ಶಿವಮೊಗ್ಗಕ್ಕೆ ಹೋಗಿ ಸೂಜಿ ಚುಚ್ಚಿಸಬೇಕಾಯಿತು. ಆ ಸೂಜಿ ಬಲು ನೋಯುವಂಥದ್ದು. ಆಸ್ಪತ್ರೆಯಿಂದ ಕುಂಟುತ್ತಾ ಹೊರಬರುವ ಮಗಳನ್ನು ಸಮಾಧಾನ ಮಾಡಲೆಂದು ಉಚ್ಚಂಗಮ್ಮ ದುರ್ಗಿಗುಡಿಯ ಓಂಕಾರಪ್ಪನವರ ಲೈಬ್ರರಿಗೆ ಕರೆದುಕೊಂಡು ಹೋಗುವಳು. ಬಾಡಿಗೆಗೆ ಪುಸ್ತಕ ಕೊಡುವ ಪುಟ್ಟ ಅಂಗಡಿ. ಅಲ್ಲಿ ಸಂಗಿಗೆ ಸಿಕ್ಕಿದ್ದು ‘ಬೆಟ್ಟದ ಶಾಲೆ’ ಮಾಲಿಕೆ.

ಒಟ್ಟು ಮೂವತ್ತೆರಡು ಪುಸ್ತಕ. ಒಂದೊಂದರ ಬೆನ್ನಿನ ಮೇಲೂ ಕೆಂಪು ಚುಕ್ಕೆಯೊಳಗೆ ನಂಬರು. ಬೆಟ್ಟದ ಮೇಲೊಂದು ಹಾಸ್ಟೆಲ್ಲಿನ ಶಾಲೆ, ಅಲ್ಲಿ ವಿನೀತಾ ಅಂತ ಒಬ್ಬ ಹುಡುಗಿ, ಅವಳಿಗೆ ಇಬ್ಬರು ಗೆಳತಿಯರು. ಪ್ರತಿ ಪುಸ್ತಕದಲ್ಲೂ ಏನೋ ಒಂದು ಕಳೆದುಹೋಗುತ್ತದೆ. ಮೂವರೂ ಬೆಟ್ಟ ಹತ್ತಿ ಇಳಿದು, ನೀರಿನ ತೋಡು ಹಾರಿ, ಅದನ್ನು ಪತ್ತೆ ಮಾಡುತ್ತಾರೆ. ಸಂಗಿ ಅವನ್ನು ಎರಡೆರಡು ಸಲ ಓದುವಳು.

“ಅದ್ರಲ್ಲಿ ಅಂಥಾದ್ದೇನೈತೆ?” ಅಂತ ಉಚ್ಚಂಗಮ್ಮ ಒಮ್ಮೆ ಕೇಳಿದ್ದಳು.

“ಅಲ್ಲಿ ಯಾರಿಗೂ ಉಸಿರು ಕಟ್ಟಲ್ಲ ಅವ್ವಾ,” ಅಂದಿದ್ದಳು ಸಂಗಿ. “ಬೆಟ್ಟ ಓಡ್ಕೊಂಡೇ ಹತ್ತುತಾರೆ.”

ಹದಿನಾಲ್ಕಕ್ಕೆ ಬರುವ ಹೊತ್ತಿಗೆ ಸಂಗಿಗೆ ಶಾಲೆಯ ಮೆಟ್ಟಿಲು ಹತ್ತುವುದೂ ಆಗದಾಯಿತು. ಹೆಸರು ತೆಗೆಸಲಿಲ್ಲ, ಹೋಗುವುದು ಮಾತ್ರ ನಿಂತಿತು. ಮಂಚದ ತಲೆದಿಸೆಗೆ ಎರಡು ದಿಂಬಿಟ್ಟು ಒರಗಿ ಕೂತೇ ಇರಬೇಕು, ಮಲಗಿದರೆ ಕೆಮ್ಮು. ಪುಸ್ತಕ ಎತ್ತಿ ಹಿಡಿದರೆ ಕೈ ಸೋಲುತ್ತದೆ. ಆಗ ಅವಳು ತಾನಿನ್ನೂ ಓದದೆ ಉಳಿದಿದ್ದವನ್ನು ಓದಲು ಅವ್ವನನ್ನು ಹಚ್ಚಿದಳು.

ಉಚ್ಚಂಗಮ್ಮನ ಓದು ಮೊದಮೊದಲು ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ. ಒತ್ತಕ್ಷರ ಬಂದರೆ ನಿಂತುಬಿಡುವಳು. “ಮು... ಖ್ಯೋ... ಪಾ... ಮುಖ್ಯೋಪಾ...”

“ಮುಖ್ಯೋಪಾಧ್ಯಾಯಿನಿ ಮಾರಾಯ್ತಿ! ನೀನು ಅಲ್ಲಿಗೆ ತಲುಪೋದ್ರೊಳಗೆ ಕಳ್ಳ ಊರು ಬಿಟ್ಟಿರ್ತಾನೆ,” ಅಂತ ಸಂಗಿ ನಗುವಳು. ನಕ್ಕರೆ ಕೆಮ್ಮು ಬರುವುದು. ಆದರೂ ನಗುವಳು.

ಮೂರು ನಾಲ್ಕು ಪುಸ್ತಕ ದಾಟುವ ಹೊತ್ತಿಗೆ ಓದು ಸಲೀಸಾಯಿತು, ಉಚ್ಚಂಗಮ್ಮನಿಗೆ ಕಥೆಯ ಮೇಲೆ ಕಣ್ಣು ನೆಡತೊಡಗಿತು. ನೆಟ್ಟ ಮೇಲೆ ಅವಳ ಪ್ರಶ್ನೆಗಳಿಗೆ ಕೊನೆಯಿಲ್ಲ. “ಅಲ್ಲಾ, ಈ ಹುಡುಗೀರು ಕೆಸರಲ್ಲಿ ಬಿದ್ದು ಬಂದ್ರಲ್ಲ, ಆ ಲಂಗ ಯಾರು ಒಗೆದ್ರು?”

“ಕಥೇಲಿ ಬಟ್ಟೆ ಒಗೆಯಲ್ಲ ಅವ್ವಾ.”

“ಮತ್ತೆ ಅಡಿಗೆ ಮಾಡೋ ಹೂವಮ್ಮ ಅಂತ ಒಬ್ಳಿದಾಳಲ್ಲ, ಇವರಿಗೆಲ್ಲ ದಿನಾ ಸಿಹಿ ಮಾಡಿ ಹಾಕ್ತಾಳಲ್ಲ, ಅವಳು ಯಾವಾಗ ಉಣ್ತಾಳೆ?”

“ಅದನ್ನ ಬರೆದಿಲ್ಲ.”

“ಬರೀಬೇಕಿತ್ತು.”

ಸಂಗಿಗೆ ಒಂದು ಕಟ್ಟಳೆ ಇತ್ತು. ಕೊನೆಯ ಪುಟ ಮೊದಲೇ ನೋಡಬಾರದು. ನೋಡುವವರು ಕಳ್ಳರು. ಒಂದು ಸಲ ಉಚ್ಚಂಗಮ್ಮ ತಡೆಯಲಾರದೆ ಹಿಂದಿನ ಹಾಳೆ ತಿರುವಿದ್ದಕ್ಕೆ ಮಗಳು ಅರ್ಧ ದಿನ ಮಾತು ಬಿಟ್ಟಿದ್ದಳು.

ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್ನಿಗೆ ದಸರಾ ಕಳೆದ ಮೇಲೆ ಬನ್ನಿ ಎಂದು ದಿನ ಕೊಟ್ಟಿದ್ದರು. ಅದು ತೊಂಬತ್ತೇಳನೇ ಇಸವಿ. ಆಷಾಢದಲ್ಲೇ ಸಂಗಿಯ ಕಾಲು ಊದಿಕೊಂಡಿತು, ತುಟಿ ನೀಲಿಗಟ್ಟಿತು. ಡಾಕ್ಟರು ಮಾತ್ರೆ ಬದಲಿಸಿದರು. ಮನೆಯಲ್ಲಿ ಆಗ ಇಪ್ಪತ್ತನೇ ಪುಸ್ತಕ ನಡೆದಿತ್ತು. ಒಂದು ಬೆಳಿಗ್ಗೆ ನೋಡಿದರೆ ಬೆಟ್ಟದ ಶಾಲೆಯ ಹಿತ್ತಾಳೆಯ ಗಂಟೆ ಮಾಯ. ಯಾರು ಕದ್ದರು, ಹೇಗೆ ಇಳಿಸಿದರು, ಅದೇ ಕಥೆ.

ಒಂದು ಸಂಜೆ, ಇನ್ನೂ ದೀಪ ಹಚ್ಚಿರಲಿಲ್ಲ, ಹದಿನಾಲ್ಕು ಪುಟ ಉಳಿದಿತ್ತು. ಸಂಗಿ ಕಣ್ಣು ಮುಚ್ಚಿಕೊಂಡೇ ಹೇಳಿದಳು, “ಅವ್ವಾ, ಕೊನೇ ಪುಟ ಓದು.”

“ಯಾಕೆ? ನೀನೇ ಬೇಡ ಅಂತಿದ್ಯಲ್ಲ.”

“ಒಂದ್ ಸಲ. ಗಂಟೆ ಏನಾಯ್ತು ಅಂತ ಅಷ್ಟೇ.”

“ಬೇಡ ಕಣೆ. ಸಾಲಾಗಿ ಓದೋಣ. ನಾಳೆ ನಾಡಿದ್ದು ಮುಗಿಯುತ್ತೆ.”

“ಓದೇ ಅವ್ವಾ.”

“ನಾಳೆ,” ಅಂದಳು ಉಚ್ಚಂಗಮ್ಮ, ಪುಸ್ತಕ ಮುಚ್ಚಿದಳು. ಆ ಪುಟ ಓದಿದರೆ ಏನನ್ನೋ ಒಪ್ಪಿಕೊಂಡ ಹಾಗಾಗುತ್ತದೆ ಎಂದು ಅವಳಿಗೆ ಅನಿಸಿತ್ತು. ಸಂಗಿ ಮತ್ತೆ ಕೇಳಲಿಲ್ಲ.

ಮಾರನೇ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಸಂಗಿ ಹೋದಳು. ಹದಿನೈದು ತುಂಬಿ ಎರಡು ತಿಂಗಳಾಗಿತ್ತು.

ಭೂತಪ್ಪ ಅಳಲಿಲ್ಲ. ತಿಥಿ ಮುಗಿದ ಮಾರನೇ ದಿನವೇ ಕೆಲಸಕ್ಕೆ ಹೋದ. ಮಗಳ ಮಂಚ ಬಿಚ್ಚಿ ಅಟ್ಟಕ್ಕೇರಿಸಿದ, ಮಾತ್ರೆಯ ಡಬ್ಬಿ ಎಸೆದ. ಅವಳ ಹೆಸರು ಎತ್ತಿದರೆ ಎದ್ದು ಹೊರಗೆ ಹೋಗುವನು. ಮನೆಯಲ್ಲಿ ಇಬ್ಬರೇ. “ಊಟಕ್ಕೆ ಬನ್ನಿ,” “ಸಾಕು,” “ನೀರು ಬಂತಾ,” ಇಷ್ಟೇ ಮಾತು.

ಪುಸ್ತಕ ಮಾತ್ರ ಉಚ್ಚಂಗಮ್ಮನ ಸೀರೆಗಳ ನಡುವೆ ಉಳಿದಿತ್ತು. ಒಂದು ಮಧ್ಯಾಹ್ನ ಅಂಗನವಾಡಿಯ ಪಾತ್ರೆ ತೊಳೆದಿಟ್ಟು, ಅಲ್ಲೇ ಚಾಪೆಯ ಮೇಲೆ ಕೂತು ಆ ಹದಿನಾಲ್ಕು ಪುಟ ಓದಿದಳು. ಗಂಟೆಯನ್ನು ಯಾರೂ ಕದ್ದಿರಲಿಲ್ಲ. ಬಿರುಕು ಬಿಟ್ಟಿತ್ತೆಂದು ಶಾಲೆಯ ಕಾವಲುಗಾರ ಪುಟ್ಟಯ್ಯನೇ ಇಳಿಸಿ, ಬೆಸುಗೆ ಹಾಕಿಸಲು ಪೇಟೆಗೆ ಒಯ್ದಿದ್ದ; ಕಿವಿ ಕೇಳದ ಮುದುಕ, ಯಾರೂ ಅವನನ್ನು ಸರಿಯಾಗಿ ಕೇಳಿರಲೇ ಇಲ್ಲ. ಎಲ್ಲರೂ ನಕ್ಕರು. ಅಲ್ಲಿಗೆ ಕಥೆ ಮುಗಿಯಿತು.

ಇಷ್ಟೇನಾ, ಅಂದುಕೊಂಡಳು ಉಚ್ಚಂಗಮ್ಮ. ಇಷ್ಟನ್ನು ಹೇಳಲು ಎಷ್ಟು ಹೊತ್ತು ಬೇಕಿತ್ತು? ಸಂಗಿ ನಗುತ್ತಿದ್ದಳು. ಖಂಡಿತ ನಗುತ್ತಿದ್ದಳು. ಚಾಪೆಯ ಮೇಲೆ ಬೋರಲು ಬಿದ್ದು ಅವಳು ಬಾಯಿಗೆ ಸೆರಗು ತುರುಕಿಕೊಂಡಳು.

ಸೂಜಿಯ ದಿನ ಬಂತು. ಯಾವ ಕೆಲಸವೂ ಇರಲಿಲ್ಲ, ಆದರೂ ಕಾಲು ಬಸ್‌ಸ್ಟಾಪಿಗೆ ಎಳೆಯಿತು. ಪುಸ್ತಕ ಹಿಂದಿರುಗಿಸಬೇಕಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಓಂಕಾರಪ್ಪನವರು ಎಂದಿನಂತೆ ಮೇಜಿನ ಹಿಂದೆ ಪೇಪರು ಹರಡಿಕೊಂಡು ಕೂತಿದ್ದರು. ಹಣೆಗೆ ವಿಭೂತಿ, ಮೂಗಿನ ತುದಿಗೆ ಕನ್ನಡಕ. ಗಾಂಧಿ ಬಜಾರಿನಲ್ಲಿ ಅವರ ಮನೆತನದ ಬಟ್ಟೆ ಅಂಗಡಿ ಇತ್ತು. ಗಿರಾಕಿಗಳ ಗದ್ದಲ ತಾಳಲಾರದೆ ಅದನ್ನು ತಮ್ಮಂದಿರಿಗೆ ಬಿಟ್ಟು ಈ ಲೈಬ್ರರಿ ಹಾಕಿಕೊಂಡಿದ್ದರು.

“ಏನಮ್ಮಾ, ಒಬ್ಳೇ ಬಂದೆ? ಮಗು ಎಲ್ಲಿ?”

ಉಚ್ಚಂಗಮ್ಮ ಬಾಯಿ ತೆರೆದಳು. ತಂದಿದ್ದ ಪುಸ್ತಕವನ್ನು ಮೇಜಿನ ಮೇಲಿಟ್ಟಳು. “ಮನೇಲಿ,” ಅಂದಳು. “ಇಪ್ಪತ್ತೊಂದನೇದು ಕೊಡಿ ಯಜಮಾನ್ರೇ.”

ಓಂಕಾರಪ್ಪನವರು ಸಂಘಮಿತ್ರಾ ಎಂದು ಬರೆದ ಕಾರ್ಡು ತೆಗೆದು ನಂಬರು ಗುರುತು ಮಾಡಿಕೊಂಡರು.

ಹಾಗೆ ಶುರುವಾಯಿತು. ತಿಂಗಳಿಗೊಂದು ದಿನ ಬಸ್ಸು, ತಿಂಗಳಿಗೊಂದು ಪುಸ್ತಕ. ಎರಡು ಒಯ್ಯಬಹುದಿತ್ತು, ಆದರೆ ಬೇಗ ಮುಗಿಯುತ್ತದೆಂದು ಅವಳಿಗೆ ಹೆದರಿಕೆ. ಹೋದಾಗಲೆಲ್ಲ ಅವರು ಕೇಳುವರು, “ಮಗಳು ಹೆಂಗಿದಾಳೆ?” ಇವಳು ಹೇಳುವಳು, “ಓದ್ತಿದಾಳೆ.” ಅಷ್ಟು ಹೊತ್ತು, ಆ ಮೇಜಿನ ಮುಂದೆ, ಮಗಳು ಜನ್ನಾಪುರದ ಮನೆಯಲ್ಲಿ ದಿಂಬಿಗೆ ಒರಗಿ ಕೂತಿರುತ್ತಿದ್ದಳು. ಸುಳ್ಳು ಹೇಳಿದೆನೆಂದು ಬಸ್ಸಿನಲ್ಲಿ ಕೂತು ಮರುಗುವಳು. ಮುಂದಿನ ತಿಂಗಳು ಮತ್ತೆ ಅದೇ.

ಆ ಪುಸ್ತಕಗಳ ಮೇಲೆ ಅವಳಿಗೆ ಒಮ್ಮೆ ಪ್ರೀತಿ, ಒಮ್ಮೆ ತಡೆಯಲಾರದ ಸಿಟ್ಟು. ವಿನೀತಾ ಮೊದಲ ಪುಸ್ತಕದಲ್ಲಿ ಹದಿನೈದು ವರ್ಷದವಳು, ಇಪ್ಪತ್ತಾರರಲ್ಲೂ ಹದಿನೈದು. ಎಷ್ಟು ಬೇಸಿಗೆ ರಜೆ ಬಂದು ಹೋದರೂ ಅವಳಿಗೆ ವಯಸ್ಸಾಗುವುದಿಲ್ಲ. ನನ್ನದೂ ಹಂಗೇ ಆಯ್ತಲ್ಲೇ, ಅನ್ನುವಳು ಉಚ್ಚಂಗಮ್ಮ ಪುಸ್ತಕಕ್ಕೆ. ವಿನೀತಾ ತೋಡು ಹಾರುವಾಗ ತನಗೇ ಅರಿಯದೆ ಉಸಿರು ಬಿಗಿ ಹಿಡಿಯುವಳು. ಹಾರಿ ಆಚೆ ದಡ ಸೇರಿದ ಮೇಲೆ ಬಿಡುವಳು. ಸೇರೇ ಸೇರುತ್ತಾಳೆಂದು ಗೊತ್ತಿದ್ದರೂ.

ಮೂವತ್ತೆರಡನೆಯದು ಮುಂದಿನ ವರ್ಷದ ಮಳೆಗಾಲ ಮುಗಿಯುವಾಗ ಮುಗಿಯಿತು. ಅದರ ಕೊನೆಗೆ ಮೂವರು ಗೆಳತಿಯರೂ ಮುಂದಿನ ರಜೆಗೆ ಎಲ್ಲಿ ಹೋಗೋಣವೆಂದು ಮಾತಾಡಿಕೊಳ್ಳುತ್ತಾರೆ. ಹೋದದ್ದನ್ನು ಯಾರೂ ಬರೆದಿಲ್ಲ.

“ಅಲ್ಲಿಗೆ ಮಾಲಿಕೆ ಮುಗೀತಮ್ಮ,” ಅಂದರು ಓಂಕಾರಪ್ಪನವರು. “ಮಗಳಿಗೆ ಈಗ ಹದಿನಾರು ಕಳೀತಲ್ವಾ? ಇನ್ನು ಇಂಥ ಹುಡುಗಾಟದ್ದು ಸಾಕು. ಒಳ್ಳೆ ಸಾಹಿತ್ಯ ಓದ್ಲಿ.” ಸ್ಟೂಲು ಹತ್ತಿ ಮೇಲಿನ ಸಾಲಿನಿಂದ ದಪ್ಪ ರಟ್ಟಿನ ಪುಸ್ತಕವೊಂದನ್ನು ಇಳಿಸಿ, ಧೂಳು ಹೊಡೆದು ಮುಂದಿಟ್ಟರು. “ಕಾಲೇಜಿನೋರೆಲ್ಲ ಓದೋದು. ಬಹಳ ದೊಡ್ಡ ಕಾದಂಬರಿ ಅಂತಾರೆ. ಅತ್ತುಬಿಡ್ತಾರಂತೆ.”

ಉಚ್ಚಂಗಮ್ಮ ಅದನ್ನು ಎರಡು ಕೈಯಲ್ಲಿ ಎತ್ತಿಕೊಂಡಳು. ಬದುಕಿದ್ದರೆ ಸಂಗಿ ಈಗ ಇದನ್ನು ಓದುತ್ತಿದ್ದಳು. ಆ ಯೋಚನೆ ಹಿಡಿದುಕೊಂಡೇ ಮನೆಗೆ ಬಂದಳು.

ದೊಡ್ಡ ಪುಸ್ತಕ ಅವಳನ್ನು ಸುಲಭಕ್ಕೆ ಒಳಗೆ ಬಿಟ್ಟುಕೊಳ್ಳಲಿಲ್ಲ. ಒಂದೊಂದು ವಾಕ್ಯ ಅರ್ಧ ಪುಟ ಓಡುತ್ತಿತ್ತು. ಓದುತ್ತಾ ಓದುತ್ತಾ ಒಂದು ಊರು ಕಣ್ಣಿಗೆ ಕಟ್ಟಿತು, ಒಂದು ಹೊಳೆ, ಒಂದು ಮನೆ, ಮೇಷ್ಟ್ರು ಯಜಮಾನ, ಅವನ ಹೆಂಡತಿ, ಎಂಟು ವರ್ಷದ ಮಗ. ಅಲ್ಲಿ ಬಟ್ಟೆ ಒಗೆಯುತ್ತಿದ್ದರು, ಹಸಿಯುತ್ತಿದ್ದರು, ಜಗಳವಾಡುತ್ತಿದ್ದರು. ಇದು ನಿಜದ ಪುಸ್ತಕ ಅನ್ನಿಸಿತು ಅವಳಿಗೆ. ಬರೆದವರ ಮೇಲೆ ಗೌರವ ಬಂತು. ಇನ್ನೂರು ಪುಟ ದಾಟಿದ ಮೇಲೆ ಆ ಮಗುವಿಗೆ ಜ್ವರ ಬಂತು. ಅವಳು ಪುಸ್ತಕ ಮುಚ್ಚಿ ಒಂದು ವಾರ ಮುಟ್ಟಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಗಟ್ಟಿ ಮನಸ್ಸು ಮಾಡಿ ಮತ್ತೆ ತೆರೆದಳು. ಅವಳಿಗೆ ಈಗಲೂ ಬಾಯಿಬಿಟ್ಟು ಓದಿಯೇ ಅಭ್ಯಾಸ. ಮಗು ಅಪ್ಪನ ತೊಡೆಯ ಮೇಲೆ ತಲೆಯಿಟ್ಟು ಮಲಗಿದೆ. ಊರಿನವರೆಲ್ಲ ಸುತ್ತ ನಿಂತಿದ್ದಾರೆ. ಮಗು ಅಪ್ಪನಿಗೆ, ನೀನು ಅಳಬೇಡ, ಎನ್ನುತ್ತದೆ. ಹೊಳೆಯ ಬಗ್ಗೆ, ನಕ್ಷತ್ರಗಳ ಬಗ್ಗೆ ಏನೇನೋ ಚೆಂದದ ಮಾತಾಡುತ್ತದೆ. ಹೂವು ಮುದುಡಿದಂತೆ ಕಣ್ಣು ಮುಚ್ಚುತ್ತದೆ. ತಾಯಿ ಎದೆ ಬಡಿದುಕೊಂಡು ಅಳುತ್ತಾಳೆ, ಮೂರ್ಛೆ ಹೋಗುತ್ತಾಳೆ. ಮುಂದಿನ ಅಧ್ಯಾಯದಲ್ಲಿ ಮೇಷ್ಟ್ರು ಹೊಳೆಯ ದಡದಲ್ಲಿ ಒಬ್ಬನೇ ಕೂತು ಹುಟ್ಟು ಸಾವಿನ ಅರ್ಥವೇನೆಂದು ಯೋಚಿಸುತ್ತಾನೆ.

ಓದಿ ನಿಲ್ಲಿಸಿದಾಗ ಬಾಗಿಲಲ್ಲಿ ನೆರಳು ಕಂಡಿತು. ಭೂತಪ್ಪ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ.

“ಸುಳ್ಳು,” ಅಂದ ಅವನು.

ಉಚ್ಚಂಗಮ್ಮ ಪುಸ್ತಕವನ್ನು ಮಡಿಲಿಗಿಳಿಸಿದಳು.

“ಸುಳ್ಳು ಬರೆದಿದಾನೆ. ಹಂಗಲ್ಲ ಆಗೋದು.” ಅವನು ಒಳಗೆ ಬಂದು ಗೋಡೆಗೆ ಒರಗಿ ನೆಲದ ಮೇಲೆ ಕೂತ. “ಯಾರಿರ್ತಾರೆ ಸುತ್ತ? ಯಾರೂ ಇರಲ್ಲ.”

ಉಚ್ಚಂಗಮ್ಮ ಹೇಳಿದಳು, “ಆವತ್ತು ನಾನು ಅನ್ನ ಬಸೀತಿದ್ದೆ.”

“ನಾನು ಮುಂದ್ಗಡೆ ಸೈಕಲ್ ಪಂಚರ್ ಹಾಕ್ತಿದ್ದೆ. ಸೆಕೆಂಡ್ ಶಿಫ್ಟಿಗೆ ಹೋಗ್ಬೇಕಿತ್ತಲ್ಲ.”

“ನೀವು ಅವಳ ಹತ್ರ ಇದೀರಿ ಅಂದ್ಕೊಂಡಿದ್ದೆ ನಾನು.”

“ನೀನು ಇದೀಯ ಅಂತ ನಾನು.”

ಒಂದು ವರ್ಷದ ಮೇಲೆ ಮೊದಲ ಸಲ ಆ ಬೆಳಿಗ್ಗೆಯ ಮಾತು ಆ ಮನೆಯಲ್ಲಿ ಹೊರಬಿತ್ತು. ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಹೇಳಿದರು. ಅನ್ನ ಬಸಿದು ಕೈ ಒರೆಸಿಕೊಂಡು ಬಂದಾಗ ಸಂಗಿಯ ತಲೆ ದಿಂಬಿನಿಂದ ಪಕ್ಕಕ್ಕೆ ಜಾರಿತ್ತು, ನಿದ್ದೆ ಹತ್ತಿತು ಪಾಪ ಎಂದು ಇವಳು ಮೆಲ್ಲಗೆ ಸರಿಮಾಡಿ ಹೊದಿಕೆ ಎಳೆದಿದ್ದಳು. ಅವನು ಒಳಗೆ ಬಂದವನು, ಕೈಗೆ ಗ್ರೀಸು ಮೆತ್ತಿದೆ ಎಂದು ಮಗಳನ್ನು ಮುಟ್ಟದೆ ಬಚ್ಚಲಿಗೆ ಹೋಗಿದ್ದ. ಸೋಪು ಹಾಕಿ ಉಜ್ಜಿ ಉಜ್ಜಿ ತೊಳೆದಿದ್ದ. ಅಷ್ಟು ಹೊತ್ತೂ ಮಗುವಿನಲ್ಲಿ ಜೀವ ಇರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ. ಯಾವ ಮಾತನ್ನೂ ಅವಳು ಆಡಿ ಹೋಗಿರಲಿಲ್ಲ.

“ಆಡಿದ್ಳು,” ಅಂದಳು ಉಚ್ಚಂಗಮ್ಮ. “ಹಿಂದಿನ ಸಂಜೆ. ಕೊನೇ ಪುಟ ಓದು ಅಂತ ಕೇಳಿದ್ಳು. ನಾನು ಓದ್ಲಿಲ್ಲ.” ಗಂಟೆ, ಪುಟ್ಟಯ್ಯ, ಬೆಸುಗೆ ಎಂದು ತುಂಡು ತುಂಡಾಗಿ ಏನೋ ಹೇಳಿದಳು.

ಭೂತಪ್ಪ ತಲೆ ತಗ್ಗಿಸಿದ. “ನಂಗೊತ್ತು. ಬಾಗಿಲ ಆಚೆ ನಿಂತಿದ್ದೆ ನಾನು. ಕೇಳಿಸ್ತು.” ಅವನ ದನಿ ಕುಗ್ಗಿತು. “ಓದಬೇಡ, ಓದಬೇಡ ಅಂತಲೇ ನಾನೂ ಅಂದ್ಕೊಂಡೆ.”

ಆಮೇಲೆ ಅವನು ಅತ್ತ. ದೊಡ್ಡ ಆಳು, ಮಂಡಿಗೆ ಮುಖ ಒತ್ತಿ, ಸದ್ದಾಗದ ಹಾಗೆ ಅಳಲು ನೋಡಿದ, ಆಗಲಿಲ್ಲ. ಉಚ್ಚಂಗಮ್ಮ ಎದ್ದು ಹತ್ತಿರ ಹೋಗಿ ಕೂತಳು. ಆಚೆ ಬೀದಿಯಲ್ಲಿ ಸೊಪ್ಪಿನ ಸಣ್ಣಮ್ಮ ಕೂಗಿಕೊಂಡು ಹೋದಳು. ಕೊಳ್ಳಲು ಯಾರೂ ಏಳಲಿಲ್ಲ.

ಉಳಿದ ಪುಟಗಳನ್ನು ಅವಳು ಹದಿನೈದು ದಿನದಲ್ಲಿ ಓದಿ ಮುಗಿಸಿದಳು. ಹಾಳೆ ತಿರುವುವಾಗಲೆಲ್ಲ ಆ ತಾಯಿ ಬಂದಾಳೆಂದು ನೋಡಿದಳು. ಮೇಷ್ಟ್ರು ಊರು ಬಿಟ್ಟ, ಪೇಟೆ ಸೇರಿದ, ದೊಡ್ಡ ಮನುಷ್ಯನಾದ, ಮುಪ್ಪಿನಲ್ಲಿ ಶಾಂತಿ ಕಂಡುಕೊಂಡ. ಮೂರ್ಛೆ ಹೋದ ತಾಯಿ ಎದ್ದಳೋ ಇಲ್ಲವೋ, ಒಂದು ಸಾಲೂ ಇಲ್ಲ.

ಸೂಜಿಯ ದಿನಕ್ಕೆ ಶಿವಮೊಗ್ಗಕ್ಕೆ ಹೋದಾಗ ಓಂಕಾರಪ್ಪನವರು ಕನ್ನಡಕ ಮೇಲೇರಿಸಿ ಕೇಳಿದರು, “ಹೆಂಗಿತ್ತಂತೆ? ಮಗಳಿಗೆ ಹಿಡಿಸ್ತಾ?”

“ಓದಿದ್ದು ನಾನು ಯಜಮಾನ್ರೇ,” ಅಂದಳು ಉಚ್ಚಂಗಮ್ಮ. “ಮಗಳಿಲ್ಲ. ಹೋದ ವರ್ಷ ಆಷಾಢದಲ್ಲೇ ಹೋದ್ಲು. ನಿಮ್ಗೆ ಸುಳ್ಳು ಹೇಳ್ತಾ ಬಂದೆ. ತಪ್ಪಾಯ್ತು.”

ಓಂಕಾರಪ್ಪನವರ ಕೈ ಕಾರ್ಡುಗಳ ಪೆಟ್ಟಿಗೆಯ ಮೇಲೆಯೇ ನಿಂತಿತು. ಆಮೇಲೆ, “ಕೂತ್ಕೊಳಮ್ಮ,” ಅಂದು ಸ್ಟೂಲು ಸರಿಸಿದರು, ಒಳಗಿನಿಂದ ನೀರು ತಂದುಕೊಟ್ಟರು. “ನಾನು ಆ ಪುಸ್ತಕ ಕೊಡಬಾರದಿತ್ತು,” ಅಂದರು.

“ಪುಸ್ತಕ ದೊಡ್ಡದೇ. ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಆ ತಾಯಿ ಆಮೇಲೆ ಏನ್ಮಾಡಿದ್ಲು? ಮಾರನೇ ದಿನ ಒಲೆ ಹಚ್ಚಿದ್ಲಾ? ನೀವು ಓದಿದೀರಲ್ಲ, ನಿಮಗೇನಾದ್ರೂ ಗೊತ್ತಾ?”

ಓಂಕಾರಪ್ಪನವರು ಮುಖ ಸಣ್ಣದು ಮಾಡಿಕೊಂಡರು. “ನಾನು ಓದಿಲ್ಲ ತಾಯಿ. ಇಲ್ಲಿರೋದ್ರಲ್ಲಿ ಒಂದನ್ನೂ ಪೂರ್ತಿ ಓದಿಲ್ಲ. ಜನ ವಾಪಸ್ ತಂದಾಗ ಏನು ಹೇಳ್ತಾರೋ ಅದನ್ನೇ ಇನ್ನೊಬ್ಬರಿಗೆ ಹೇಳ್ತೀನಿ.”

“ಮಗು ಹೋದ ಮೇಲೆ ತಾಯಿ ಇರೋದು ಯಾವುದಾದ್ರೂ ಇದ್ರೆ ಕೊಡಿ.”

“ಯಾವುದ್ರಲ್ಲಿದೆಯೋ ನಂಗೆ ಗೊತ್ತಿಲ್ವಲ್ಲಮ್ಮ.”

“ಸರಿ, ನಾನೇ ನೋಡ್ತೀನಿ,” ಅಂದು ಉಚ್ಚಂಗಮ್ಮ ಚಪ್ಪಲಿ ಬಿಟ್ಟು ಸಾಲುಗಳ ನಡುವೆ ಹೋದಳು. ಒಂದೊಂದನ್ನೇ ತೆಗೆದು, ಅಲ್ಲಲ್ಲಿ ಬಿಡಿಸಿ, ತುಟಿ ಆಡಿಸುತ್ತಾ ಓದಿ, ಇದ್ದಲ್ಲೇ ಇಟ್ಟಳು. ನಾಲ್ಕೂವರೆಯ ಬಸ್ಸು ಹೋಯಿತು, ಐದೂವರೆಯದೂ ಹೋಯಿತು. ಓಂಕಾರಪ್ಪನವರು ಅಂಗಡಿ ಮುಚ್ಚುವ ಹೊತ್ತಾದರೂ ಹೇಳಲಿಲ್ಲ. ಅವರೂ ಒಂದು ಪುಸ್ತಕ ತೆಗೆದುಕೊಂಡು, ಬೆರಳಿಟ್ಟು, ಮೊದಲ ಪುಟದಿಂದ ಓದತೊಡಗಿದ್ದರು.

ಬರಿಗೈಯಲ್ಲಿ ಅವಳು ಜನ್ನಾಪುರದಲ್ಲಿ ಇಳಿದಾಗ ಸ್ಟಾಪಿನಲ್ಲಿ ಭೂತಪ್ಪ ಸೈಕಲ್ಲು ಹಿಡಿದು ನಿಂತಿದ್ದ.

“ಯಾಕೆ ಇಷ್ಟು ತಡ?”

“ಪುಸ್ತಕ ಹುಡುಕ್ತಿದ್ದೆ.”

“ಸಿಕ್ತಾ?”

“ಇಲ್ಲ.”

ಅವನು ಸೈಕಲ್ಲು ಹತ್ತಲಿಲ್ಲ. ತಳ್ಳಿಕೊಂಡೇ ಅವಳ ಜೊತೆಗೆ ಮನೆಯ ಕಡೆ ನಡೆದ.